ಹಳಿ

“ಟೀಚರೇ, ‘ಹಳಿ’ ಅಂದ್ರೆ ಇನ್ನೊಂದು ಅರ್ಥ ಇದ್ಯಂತಲ್ಲ, ಏನದು?”

ಸ್ಟಾಫ್ ರೂಮಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತಿದ್ದ ಕರಿಯಣ್ಣ ಕೇಳಿದಾಗ ಕನ್ನಡ ಟೀಚರ್ ತನುಜಾ ಕುಡಿಯುತ್ತಿದ್ದ ಚಹಾ ಕೆಳಗಿಟ್ಟಳು. ಅವನು ರೈಲ್ವೆಯಲ್ಲಿ ಹಳಿ ನೋಡಿಕೊಳ್ಳುವ ಗ್ಯಾಂಗ್‌ಮನ್. ಪಕ್ಕದಲ್ಲಿ ಎಂಟನೇ ಕ್ಲಾಸಿನ ಮಗಳು ಮಂಜುಶ್ರೀ ನೆಲ ನೋಡುತ್ತಿದ್ದಳು.

ಹಿಂದಿನ ದಿನ ತನುಜಾ ‘ಹಳಿ’ ಸೇರಿದಂತೆ ಕೆಲವು ಕ್ರಿಯಾಪದಗಳನ್ನು ಸ್ವಂತ ವಾಕ್ಯದಲ್ಲಿ ಬಳಸಲು ಕೊಟ್ಟಿದ್ದಳು. ಮಂಜುಶ್ರೀ ಎದ್ದು, “ನಮ್ಮ ಅಪ್ಪ ದಿನಾ ಹಳಿ ನೋಡುತ್ತಾ ನಡೆಯುತ್ತಾರೆ” ಎಂದು ಓದಿದಳು. ತಿದ್ದಿ ಸುಮ್ಮನಿರಬಹುದಿತ್ತು. ಬಾಯಿಗೆ ಬೀಗ ಎಲ್ಲಿ?

“ಕ್ರಿಯಾಪದ ಕೇಳಿದ್ರೆ ಕಬ್ಬಿಣ ಹೊತ್ಕೊಂಡು ಬಂದಿದಾಳೆ ನೋಡ್ರೋ! ಅಪ್ಪಂಗೆ ಕಾಲಲ್ಲೇ ಕೆಲಸ, ತಲೆ ಬೇಕಾಗಿಲ್ಲ. ಮಗಳಿಗೂ ಅದೇ ಬಂದಿದೆ!”

ಇಡೀ ಕ್ಲಾಸು ನಕ್ಕಿತ್ತು. ತನುಜಾಳೂ ನಕ್ಕಿದ್ದಳು. ಆ ಅಪ್ಪ ನೋಡಿದ ಹಳಿಯ ಮೇಲೇ ದಿನಾ ಶಿವಮೊಗ್ಗದಿಂದ ಭದ್ರಾವತಿಗೆ ಬಂದು ಹೋಗುವವಳು!

“ಹಳಿಯೋದು ಅಂದ್ರೆ… ಇನ್ನೊಬ್ಬರನ್ನ ಕೀಳು ಮಾಡಿ ಮಾತಾಡೋದು” ಎಂದಳು ಈಗ.

“ಹೌದಾ! ಇಪ್ಪತ್ತು ವರ್ಷದಿಂದ ಹಳಿ ಮೇಲೇ ಇದೀನಿ, ಇದು ಗೊತ್ತೇ ಇರ್ಲಿಲ್ಲ ನೋಡಿ. ವಾಕ್ಯ ತಪ್ಪಾಯ್ತು ಅಂದ್ಳು, ಅಷ್ಟೇ. ನೆನ್ನೆಯಿಂದ ಸರಿಯಾಗಿ ಊಟ ಇಲ್ಲ, ಮಾತಿಲ್ಲ. ನೀವೇ ಒಂದು ಉದಾಹರಣೆ ಹೇಳಿಬಿಡಿ ಟೀಚರೇ.”

ತಾನು ಆಡಿದ ಮಾತನ್ನು ಹುಡುಗಿ ಮನೆಯಲ್ಲಿ ಹೇಳಿಲ್ಲ. ಅಪ್ಪನಿಗೆ ನೋವಾದೀತೆಂದು ನುಂಗಿಕೊಂಡಿದ್ದಾಳೆ. ತಪ್ಪಾಯ್ತು ಎನ್ನುವ ಮಾತು ತನುಜಾಳ ನಾಲಿಗೆಯ ತುದಿಗೆ ಬಂದದ್ದು ಹಾಗೇ ಒಳಗೆ ಹೋಯಿತು.

“ಅವಳೇ ಬರೀತಾಳೆ ಬಿಡಿ. ಜಾಣೆ ಅವಳು.”

“ಕೇಳಿದ್ಯೇನೇ, ಜಾಣೆ ಅಂತೆ!” ಕರಿಯಣ್ಣ ಹಿಗ್ಗಿ ಕೈಮುಗಿದು ಹೊರಟ. ಮಂಜುಶ್ರೀ ತಲೆ ಎತ್ತಲಿಲ್ಲ.

ಮಾರನೆಯ ದಿನ ಸಂಜೆ ರೈಲಿನಲ್ಲಿ ತನುಜಾ ನೋಟ್‌ಬುಕ್ಕುಗಳನ್ನು ತೊಡೆಯ ಮೇಲಿಟ್ಟುಕೊಂಡು ತಿದ್ದುತ್ತಿದ್ದಳು. ಮಂಜುಶ್ರೀಯದು ನಾಲ್ಕನೆಯದು. ಹಳೆಯ ವಾಕ್ಯಕ್ಕೆ ಸ್ಕೇಲಿಟ್ಟು ಗೆರೆ ಎಳೆದು, ಕೆಳಗೆ ದುಂಡಗೆ ಬರೆದಿದ್ದಳು:

‘ನಮ್ಮ ಟೀಚರ್ ನನ್ನ ಅಪ್ಪನನ್ನು ಹಳಿದರು.’

ಕಾಗುಣಿತ ಸರಿ ಇತ್ತು. ವಿಭಕ್ತಿ ಸರಿ ಇತ್ತು. ತನುಜಾ ಮತ್ತೆ ಮತ್ತೆ ಓದಿದಳು, ತಿದ್ದಲು ಏನೂ ಸಿಗಲಿಲ್ಲ. ಕಿಟಕಿಯ ಹೊರಗೆ, ರೈಲಿಗೆ ದಾರಿ ಬಿಟ್ಟು, ಕಿತ್ತಳೆ ಬಣ್ಣದ ಅಂಗಿಯ ನಾಲ್ಕು ಜನ ಗ್ಯಾಂಗ್‌ಮನ್‌ಗಳು ಪಕ್ಕಕ್ಕೆ ಸರಿದು ನಿಂತಿದ್ದರು.

ಅವಳು ಕೆಂಪು ಪೆನ್ನಿನಲ್ಲಿ ‘ಸರಿ’ ಎಂದು ಬರೆದಳು. ಅದರ ಕೆಳಗೆ ದಿನಾ ಗೀಚುವ ಚಿಕ್ಕ ಸಹಿಯ ಬದಲು ತನ್ನ ಹೆಸರನ್ನು ಪೂರ್ತಿಯಾಗಿ ಬರೆದಳು.