ವರ್ಷದ ಪ್ರಾರ್ಥನೆಯ ಸಾಕ್ಷಿ

ನವೀನ ಪ್ರಾರ್ಥನೆ ಮಾಡುತ್ತಲೇ ಪ್ರಾಣ ಬಿಟ್ಟನಾ ಎಂದು ಧರ್ಮಣ್ಣ ಪಾಸ್ಟರ್ ಕೇಳಿದ್ದರು. ಸಲೋಮಿ ಹೌದೆಂದು ತಲೆಯಾಡಿಸಿದ್ದಳು. ಗಂಡ ಸತ್ತು ಇನ್ನೂ ಅರ್ಧ ತಾಸಾಗಿರಲಿಲ್ಲ. ವಿಲೆ ಪಾರ್ಲೆಯ ಆ ಆಸ್ಪತ್ರೆಯಲ್ಲಿ ಯಾರು ಏನು ಕೇಳಿದರೂ ಆಗ ತಲೆಯಾಡಿಸುತ್ತಿದ್ದಳು. ಚಹಾ ಬೇಕಾ ಎಂದಾಗಲೂ ಆಡಿಸಿದ್ದಳು, ಕುಡಿಯಲಿಲ್ಲ.

ಮಣ್ಣು ಕೊಟ್ಟ ದಿನ ಪಾಸ್ಟರ್ ಅದನ್ನು ಪ್ರಸಂಗದಲ್ಲಿ ಹೇಳಿದರು. ಆಮೇಲೆ ಅತ್ತೆ ದಾನವ್ವ, ಮಗ ಕೈ ಮುಗಿದಿದ್ದನೆಂದು ಸೇರಿಸಿದಳು. ಬೊರಿವಲಿಯ ಕನ್ನಡ ಕ್ರೈಸ್ತ ಸಭೆಯ ಹೆಂಗಸರು ತಮ್ಮ ಮಾತಿನಲ್ಲಿ ಅವನ ಮುಖದ ಮೇಲೊಂದು ಬೆಳಕನ್ನೂ ತಂದರು. ಕೊನೆಯ ಗಳಿಗೆಯಲ್ಲಿ ಅವನ ಹತ್ತಿರ ಇದ್ದವಳು ಸಲೋಮಿ ಒಬ್ಬಳೇ. ದಾನವ್ವ ಔಷಧಿ ತರಲು ಕೆಳಗೆ ಹೋಗಿದ್ದಳು.

ನಡೆದದ್ದು ಬೇರೆ. ಜ್ವರದ ಮಂಪರಿನಲ್ಲಿ ನವೀನ ತಾನು ಲೋಕಲ್ ರೈಲಿನಲ್ಲಿ ಕೂತಿದ್ದೇನೆಂದು ತಿಳಿದಿದ್ದ. ಯಾವ ಸ್ಟೇಷನ್ ಬಂತು ಎಂದ. ಪಾರ್ಲೆ ಎಂದಳು. ಹಾಗಾದರೆ ಒಂದು ನಿದ್ದೆ ಆಗುತ್ತದೆ, ಬೊರಿವಲಿ ಬಂದಾಗ ಎಬ್ಬಿಸು ಎಂದು ಕಣ್ಣು ಮುಚ್ಚಿದ. ದೇವರ ಹೆಸರು ಬರಲೇ ಇಲ್ಲ.

ಈಗ ಅವನು ತೀರಿ ವರ್ಷ ತುಂಬಿದ ದಿನದ ಪ್ರಾರ್ಥನೆ. ಸಭೆಯವರು ಮನೆಗೆ ಬರುತ್ತಾರೆ, ಹಾಡು, ಬೈಬಲ್ ವಚನ ಆದ ಮೇಲೆ ಮನೆಯವರು ಎದ್ದು ನಿಂತು ದೇವರ ಕೃಪೆಯ ಸಾಕ್ಷಿ ಹೇಳಬೇಕು. ಅಂದು ಮಧ್ಯಾಹ್ನ ಚುರುಮುರಿಗೆ ಈರುಳ್ಳಿ ಹೆಚ್ಚುತ್ತ ದಾನವ್ವ ಕೇಳಿಯೇಬಿಟ್ಟಳು.

"ನೀ ಎಂ.ಎ. ಓದಿದಾಕಿ, ನನಗಿಂತ ಚಲೋ ಹೇಳ್ತಿ. ಯೇಸಪ್ಪನ ಹೆಸರು ಹೇಳಿ ಹೋದ ಅಂತ ನಿನ್ನ ಬಾಯಿಂದ ಒಮ್ಮೆ ಕೇಳಿದ್ರ ಸಾಕು ನನಗ."

ಆ ಬೇಡಿಕೆಯ ಹಿಂದಿನ ಹೆದರಿಕೆ ಸಲೋಮಿಗೆ ಗೊತ್ತಿತ್ತು. ಕೊನೆಯ ಎರಡು ವರ್ಷ ನವೀನ ಸಭೆಗೆ ಹೋಗಿರಲಿಲ್ಲ, ಭಾನುವಾರ ಮಲಗಿಯೇ ಇರುತ್ತಿದ್ದ. ಒಂದು ವಾಕ್ಯ ಹೇಳಿದರೆ ಮುದುಕಿಗೆ ಮಗ ಪರಲೋಕದಲ್ಲಿ ಸಿಗುತ್ತಾನೆ. ಯಾರಿಗೂ ನಷ್ಟವಿಲ್ಲ. ತನಗೂ ಈ ಊರಿನಲ್ಲಿ ಅತ್ತೆಯನ್ನು ಬಿಟ್ಟರೆ ಇನ್ನಾರಿದ್ದಾರೆ? ಆದರೆ ಕಳೆದ ವಾರ ಅವನನ್ನು ನೆನೆದಾಗ ಕಣ್ಣ ಮುಂದೆ ಅವನು ಕೈ ಮುಗಿದು ಮಲಗಿದ್ದ, ಮುಖದಲ್ಲಿ ಬೆಳಕಿತ್ತು. ಒಂದು ಕ್ಷಣ ಅವಳೂ ಅದನ್ನು ನಂಬಿದ್ದಳು. ಸ್ಟೇಷನ್ ಕೇಳಿದ ಆ ದನಿ ಎಷ್ಟು ಹುಡುಕಿದರೂ ಸಿಕ್ಕಿರಲಿಲ್ಲ.

ಐದು ಗಂಟೆಗೆ ಜನ ಬಂದರು. ಪಾಸ್ಟರ್ ವಚನ ಬಿಡಿಸಿ ಹೇಳುತ್ತ ಹೋದಂತೆ, ಸಭೆಯ ಹಿರಿಯ ಕಾಶಿನಾಥ ಪಕ್ಕದವರಿಗೆ ಕೇಳುವಷ್ಟು ಮೆಲ್ಲಗೆ, "ಚುರುಮುರಿ ಮೆತ್ತಗಾಗೂದ್ರಾಗ ಆಮೆನ್ ಅನ್ರಿ, ಅಯ್ಯನವರ" ಎಂದ. ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ನಂತರ ಸಲೋಮಿಯ ಹೆಸರು ಕರೆದರು.

ಎದ್ದು ನಿಂತಳು. ಕರ್ತನಿಗೆ ಸ್ತೋತ್ರ ಎಂದಳು. ಅತ್ತೆ ಬೇಡಿದ ವಾಕ್ಯ ನಾಲಿಗೆಯ ತುದಿಗೆ ತಾನಾಗಿ ಬಂದು ನಿಂತಿತ್ತು. ಎದುರಿಗೆ ದಾನವ್ವ ಆಗಲೇ ಕಣ್ಣು ಮುಚ್ಚಿ ಸೆರಗಿನ ತುದಿ ಹಿಡಿದುಕೊಂಡಿದ್ದಳು. ಸಲೋಮಿ ನೆಲ ನೋಡಿದಳು. ಪಾಪಕ್ಕೆ ಸೆಳೆಯುವ ಶೋಧನೆ ಎಂದರೆ ಇಷ್ಟು ಮೆತ್ತಗಿರುತ್ತದೆ ಎಂದು ಯಾರೂ ಹೇಳಿರಲಿಲ್ಲ.

"ಅವರು ಪ್ರಾರ್ಥನಾ ಮಾಡಲಿಲ್ಲ," ಎಂದಳು. "ಅವತ್ತು ನಾನು ಸುಮ್ಮನ ತಲೆ ಆಡಿಸಿದ್ದೆ. ತಪ್ಪು ನಂದು."

ಉಳಿದದ್ದನ್ನೂ ನಡೆದ ಹಾಗೆಯೇ ಹೇಳಿ ಕೂತಳು. ಯಾರೂ ಹಲ್ಲೆಲೂಯ ಅನ್ನಲಿಲ್ಲ. ಪಾಸ್ಟರ್ ಗಡಬಡಿಸಿ ಕೊನೆಯ ಪ್ರಾರ್ಥನೆಗೆ ಕರೆದರು. ಅದರಲ್ಲಿ ನವೀನನ ಹೆಸರು ಬರಲಿಲ್ಲ. ದಾನವ್ವ ಎಲ್ಲರಿಗೂ ಚುರುಮುರಿ ಕೊಟ್ಟಳು, ಸೊಸೆಗೂ ಕೊಟ್ಟಳು. ಜನ ಹೋದ ಮೇಲೆ ಕೇಳಿದಳು.

"ಅಂದಿದ್ರ ನಿನ್ನದೇನ್ ಹೋಗ್ತಿತ್ತು?"

ಸಲೋಮಿಯ ಬಳಿ ಉತ್ತರವಿತ್ತು. ಹೇಳಿದರೆ ಅದೂ ಒಂದು ಸಾಕ್ಷಿಯಂತೆ ಕೇಳಿಸುತ್ತದೆ ಎಂದು ಖಾಲಿ ತಟ್ಟೆಗಳನ್ನು ಒಳಗೊಯ್ದಳು.

ಮರುದಿನ ಭಾನುವಾರ ದಾನವ್ವ ಇವಳನ್ನು ಕರೆಯದೆ ಸಭೆಗೆ ಹೊರಟುಹೋದಳು. ಸಲೋಮಿ ಹಿಂದಿನಿಂದ ಹೋದಳು. ಹೆಂಗಸರ ಸಾಲಿನಲ್ಲಿ ಯಾರೂ ಸರಿದು ಜಾಗ ಮಾಡಲಿಲ್ಲ, ಕೊನೆಯ ಬೆಂಚಿನಲ್ಲಿ ಕೂತಳು. ಕಣ್ಣು ಮುಚ್ಚಿದಾಗ ನವೀನನ ದನಿ ಕೇಳಿಸಿತು. ನಿದ್ದೆಗಣ್ಣಿನಲ್ಲಿ ಸ್ಟೇಷನ್ ಕೇಳುವ, ಸ್ವಲ್ಪ ಸಿಡುಕಿನ ದನಿ.

ಆರಾಧನೆ ಮುಗಿದ ಮೇಲೆ ದಾನವ್ವ ಸೊಸೆ ಬರುವ ತನಕ ಗೇಟಿನ ಹತ್ತಿರ ನಿಂತಿದ್ದಳು. ಆಟೋ ನಿಲ್ಲಿಸಿ ಹತ್ತಿದಳು. ಸಲೋಮಿಯೂ ಹತ್ತಿದಳು. ದಾನವ್ವ ತನ್ನ ಚೀಲವನ್ನು ತೊಡೆಯ ಮೇಲಿಂದ ತೆಗೆದು ಇಬ್ಬರ ನಡುವೆ ಅಡ್ಡವಾಗಿ ಇಟ್ಟಳು.