ಮಾವನ ಉಗುರು ಮುಳುಗುವಷ್ಟು

ಮುಳುಗಿತು, ಉಗುರು ಪೂರಾ ಮುಳುಗಿತು, ಬಲಗಡಿ ಮುಂದಿನ ಗಾಲಿ ಪಾಸು — ಮಲೀಕಸಾಬ ಟೈರಿನ ಗೆರಿಯೊಳಗ ಹೆಬ್ಬೆರಳ ಉಗುರು ಊರಿ ಕುಕ್ಕರಗಾಲಿಲೆ ಹಂಗೇ ಕುಂತಾನ, ತೆಗೀಬೇಕು ಅನ್ನಿಸವಲ್ದು, ಎಳೆ ಬಿಸಲು ಬೆನ್ನಿಗೆ ಬಿದ್ದದ, ರಬ್ಬರು ಮಾತ್ರ ಇನ್ನಾ ರಾತ್ರಿ ತಂಪು ಹಿಡಕೊಂಡು ಕುಂತದ, ಅದರ ವಾಸನಿ ಮೂಗಿಗೆ ಬಡದ್ರ ಎದ್ಯಾಗ ಢವಢವ, ಯಪ್ಪಾ ಇದು ನನ್ನದು, ಲಿಂಗಸುಗೂರಾಗ ಟಾಂಗಾ ಹೊಡಿಯೋ ಮಲೀಕಸಾಬಂದು, ಹಸರು ಬಣ್ಣದ ಮೋಟಾರು, ನಿನ್ನೆ ರಾಯಚೂರಿಂದ ತಾನೇ ಹೊಡಕೊಂಡು ಬಂದದ್ದು, ದಾರ್ಯಾಗ ಎಮ್ಮಿ ಅಡ್ಡ ಬಂದಾಗ ಹೋ ಹೋ ಅಂತ ಬಾಯಿಲೆ ಅಂದು ಎರಡೂ ಕೈಲೆ ಲಗಾಮು ಜಗ್ಗಾಕ ಹೋಗಿದ್ದ, ಲಗಾಮೆಲ್ಲಿ ಅದ, ಕೈಯಾಗ ದುಂಡನ ಚಕ್ರ ಅದ, ಬ್ರೇಕು ಕಾಲಾಗ ಅದ, ಹುಚ್ಚ ನನ ಮಗನೇ ಕಾಲಾಗ ಅದ, ಅಂತ ತನಗ ತಾನೇ ಬೈಕೊಂಡು ಒಬ್ಬವನೇ ನಕ್ಕಿದ್ದ, ಎಮ್ಮಿ ನಿಂತು ಇವನ್ನೇ ನೋಡಿತ್ತು. ಟೈರು ನೋಡೋದು ಹಿಂಗ ಅಂತ ಗೊತ್ತಾಗಿದ್ದು ಮಾವನಿಂದ, ಸಿಂಧನೂರಿನ ಇಸ್ಮಾಯಿಲ್‌ಸಾಬ್, ಇಪ್ಪತ್ತು ವರ್ಷ ಜಾಗೀರದಾರರ ಮೋಟಾರು ಹೊಡದಾಂವ, ಕಲಿಸಿದ ಅಂದ್ರ ಕಲಿಸಲಿಲ್ಲ, ಇವನ ಲಗ್ನದ ದಿನ ಮನಿ ಮುಂದ ಯಾರದೋ ಮೋಟಾರು ಬಂದು ನಿಂತಾಗ ಮಾವ ಹಾರ ಹಾಕೋದು ಬಿಟ್ಟು ಬಗ್ಗಿ ಟೈರಿಗೆ ಹೆಬ್ಬೆರಳು ಹಾಕಿದ್ದ, ಬಣ್ಣ ನೋಡಬ್ಯಾಡ್ರಿ ಸಾಬ್, ಬಣ್ಣ ಹಚ್ಚಿದ್ರ ಬರತದ, ಉಗುರು ಮುಳುಗತದೇನು ನೋಡ್ರಿ, ಮುಳುಗಿದ್ರ ಊರು ಮುಟ್ಟತೀರಿ ಇಲ್ಲಂದ್ರ ದಾರ್ಯಾಗ ಕುಂದ್ರತೀರಿ — ಆ ಉಗುರು ಇವನ ಕಣ್ಣಾಗ ಹಂಗೇ ಉಳದದ, ದಪ್ಪ ಉಗುರು, ಅಂಚಿಗೆ ಗ್ರೀಸು ಕೂತು ಕರ್ರಗಾಗಿದ್ದು, ಇವತ್ತು ಮಧ್ಯಾಹ್ನದೊಳಗ ಅದೇ ಉಗುರು ಇದೇ ಗೆರಿಯಾಗ ಮುಳುಗಬೇಕು.

ಎಡಗಡಿ ಮುಂದಿಂದು, ಹಾಂ, ಮುಳುಗಿತು, ಇದು ಅದಕ್ಕಿಂತ ಛಲೋ ಅದ, ಶಾಬ್ಬಾಸ್ ಮಗನ — ಮಡ್‌ಗಾರ್ಡಿಗೆ ಚಪ್ಪರಿಸಿದ, ಟಾಂಗಾದ ಕುದರಿ ಬಿಜಲಿ ಕುತಗಿಗೆ ಚಪ್ಪರಿಸಿದಂಗ, ಬಿಜಲಿ ಆಗಿದ್ರ ಕಿವಿ ಅಲ್ಲಾಡಿಸ್ತಿತ್ತು, ಇದು ಅಲ್ಲಾಡಸಂಗಿಲ್ಲ, ಇರಲಿ, ಇದಕ್ಕ ಹುಲ್ಲೂ ಬ್ಯಾಡ ಹುರಳಿನೂ ಬ್ಯಾಡ. ಒಳಗ ಹೇಣ್ತಿ ಮಾಸುಂಬಿ ರೊಟ್ಟಿ ಬಡಿಯೋ ಸಪ್ಪಳ ನಿಂತದ, ಅಂದ್ರ ಗಂಟು ಕಟ್ಟಾಕತ್ತಾಳ, ಅಪ್ಪಗ ಅಂತ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ, ಕೋಳಿ ಕೂಗೋಕಿಂತ ಮುಂಚೆ ಎದ್ದಾಳ, ಆರು ವರ್ಷ ಆತು ಆಕಿ ತವರುಮನಿ ಹೊಸ್ತಿಲ ತುಳದು, ಆರು ವರ್ಷ, ಆವತ್ತು ಲಗ್ನದ ಊಟ ಆಗಿ ಎಲ್ಲಾರೂ ಎಲಿಅಡಿಕಿ ಹಾಕ್ಕೊಂಡು ಕುಂತಾಗ ಮಾವ ಮಂದಿ ಮುಂದ ಅಂದುಬಿಟ್ಟ, ನನ್ನ ಮಗಳು ಪೆಟ್ರೋಲ್ ವಾಸನ್ಯಾಗ ಬೆಳದಾಳ, ಇನ್ನ ಮ್ಯಾಲ ಲದ್ದಿ ವಾಸನ್ಯಾಗ ಬಾಳೇ ಮಾಡಬೇಕಾತಲ್ಲಪಾ — ನಗಚಾಟಿಕಿಗೆ ಅಂದದ್ದು, ಮಂದಿ ನಕ್ಕರು, ಮಾವನೂ ನಕ್ಕ, ಇವನ ಬಾಯಾಗಿನ ಎಲಿಅಡಿಕಿ ಮಾತ್ರ ಕಹಿ ಆಗಿಹೋತು, ಎದ್ದು ನಿಂತು ಅಂದ, ಕೇಳ್ರಿ ಮಾವ, ನನ್ನ ಸ್ವಂತ ಮೋಟಾರಿನಾಗ ಕುಂದ್ರಿಸಿಕೊಂಡೇ ನಿಮ್ಮ ಮಗಳನ್ನ ಈ ಬಾಗಲಕ್ಕ ತರತೀನಿ, ಅಲ್ಲೀತನಕ ಆಕಿನೂ ಬರಂಗಿಲ್ಲ, ನಾನೂ ಬರಂಗಿಲ್ಲ, ನನ್ನ ಆಣಿ, ಕಸಮ್ ಅದ. ಆಮ್ಯಾಲ ನಿಜಾಮಶಾಹಿ ಹೋತು, ಜಾಗೀರು ಹೋದವು, ಮಾವನ ಕೈಯಾಗಿನ ಮೋಟಾರು ಹೋತು, ಇವನ ಕಸಮ್ ಒಂದು ಹೋಗಲಿಲ್ಲ. ಮೊದಲಿನ ನಾಕು ವರ್ಷ ಮಾವನೇ ಬಸ್ಸಿಗೆ ಬಂದು ಹೊರಸಿನ ಮ್ಯಾಲ ಎರಡು ತಾಸು ಕುಂತು ಮಗಳ ಮುಖ ನೋಡಿ ಹೋಗತಿದ್ದ, ಈಗ ಎರಡು ವರ್ಷದಿಂದ ಅದೂ ಇಲ್ಲ, ಕಣ್ಣಾಗ ಪೊರಿ ಬಂದದ, ಒಂದು ಪೂರಾ ಹೋಗ್ಯದ, ಎಂಟು ದಿನದ ಹಿಂದ ಕಾಗದ ಬರಸಿದ್ದ, ಇನ್ನೊಂದು ಕಣ್ಣಾಗ ಹತ್ರ ಬಂದವರ ಮುಖ ಮಬ್ಬುಮಬ್ಬಾಗಿ ಕಾಣತಾವ, ಅದೂ ಎಷ್ಟು ದಿನವೋ, ಮಾಸುಂಬಿನ ಒಂದು ಸಲ ಕಳಸಪಾ ಅಂತ — ಮಾಸುಂಬಿ ಒಳಗ ಹೋಗಿ ಒಲಿ ಮುಂದ ಕುಂತು ಸೆರಗು ಬಾಯಿಗೆ ಹಿಡಕೊಂಡು ಅತ್ತಿದ್ದಳು, ಇವಗ ಹೊಳದದ್ದು ಒಂದೇ, ಅಯ್ಯೋ ಪೂರಾ ಕಾಣದಂಗ ಆಗೋದರೊಳಗ ಮೋಟಾರು ತೋರಿಸಬೇಕಲ್ಲ, ಮಾರನೇ ದಿನಾನೇ ಬಿಜಲೀನ ಟಾಂಗಾ ಸಮೇತ ಪಾಮನಕಲ್ಲೂರಿನ ಹೊನ್ನೂರಪ್ಪಗ ಮಾರಿಬಿಟ್ಟ, ಕೂಡಿಸಿಟ್ಟದ್ದೆಲ್ಲಾ ಅದರ ಮ್ಯಾಲ ಸುರುವಿ ಈ ಮೋಟಾರು ತಗೊಂಡ. ಹೊಡಿಯೋದು ಹೋದ ವರ್ಷನೇ ಕಲ್ತಿದ್ದ, ಕಾಲುವಿ ಕೆಲಸದ ಕಾಂಟ್ರಾಕ್ಟರನ ಡ್ರೈವರಗ ಬೀಡಿ ಸೇದಿಸಿ ಸೇದಿಸಿ.

ಬಲಗಡಿ ಹಿಂದಿಂದು — ಮುಕ್ಕಾಲು ಉಗುರು, ನಡೀತದ, ಮುಕ್ಕಾಲಿಗೆ ಮಾವ ಏನೂ ಅನ್ನಂಗಿಲ್ಲ, ಹೂಂ ಅಂತಾನ ಅಷ್ಟೇ, ಆ ಹೂಂ ಸಾಕು ನನಗ, ಆರು ವರ್ಷದಿಂದ ಆ ಒಂದು ಹೂಂ ಸಲುವಾಗಿ ಬದುಕೀನಿ, ಮಸ್ಕಿ ಗುಡ್ಡ ಕಾಣೂತ್ಲೆ ಹಾರನ್ ಒತ್ತಬೇಕು, ಸುಮ್ಮಸುಮ್ಮನ ಒತ್ತಬೇಕು, ಗುಡ್ಡದ ಕಲ್ಲಿಗೆ ಬಡದು ತಿರುಗಿ ಬರತದಂತ ಸಪ್ಪಳ, ಹಳ್ಳದಾಗ ನೀರು ಇಳದಾವ, ದಾಟಬಹುದು, ಮಸ್ಕ್ಯಾಗ ಮಾಸುಂಬಿಗೆ ಚಾ ಕುಡಿಸಬೇಕು, ಇಳಿಬ್ಯಾಡ ನೀ, ಮೋಟಾರಿನಾಗೇ ಕುಂದ್ರು, ಕಪ್ಪು ಬಸಿ ಚಾದಂಗಡಿಯವನೇ ತಂದು ಕೊಡತಾನ, ಟಾಂಗಾ ಸ್ಟ್ಯಾಂಡಿನವರು ನೋಡಿ ಹೊಟ್ಟಿ ಉರಕೊಳ್ಳಲಿ, ಆಮ್ಯಾಲ ಸಿಂಧನೂರು, ಸೀದಾ ಮನಿಗಲ್ಲ, ಬಜಾರದಾಗ ಒಂದು ಸುತ್ತು, ನಾವು ಬಂದ ಸುದ್ದಿ ನಮಗಿಂತ ಮುಂಚೆ ಮನಿ ಮುಟ್ಟಬೇಕು, ಮಾವ ಗ್ವಾಡಿ ಹಿಡಕೊಂಡು ಹೊರಗ ಬರತಾನ, ಯಾವ ಬಣ್ಣ ಅಂತ ಕೇಳಂಗಿಲ್ಲ ಅಂವ, ಸೀದಾ ಟೈರಿಗೆ ಕೈ ಹಾಕತಾನ, ಕಣ್ಣು ಹೋದ್ರೇನು ಉಗುರು ಹೋಗ್ಯದೇನು. ಇಲ್ಲಿ ಕುಂತಲ್ಲೇ ಮಲೀಕಸಾಬಗ ನಗಿ ತಡೀವಲ್ದು, ಬಗ್ಗಿ ನಾಕನೇ ಗಾಲಿ ಕಡಿಗೆ ಹೊಂಟ.

ಉಗುರು ಇಟ್ಟ, ಗೆರಿ ಮ್ಯಾಲೇ ನಿಂತಿತು. ಮಣ್ಣು ತುಂಬಿರಬೇಕು, ಕಡ್ಡಿ ತಗೊಂಡು ಕೆದರಿದ, ಮಣ್ಣಿಲ್ಲ, ಮತ್ತ ಇಟ್ಟ, ಉಗುರಿನ ತುದಿ ಅಷ್ಟೇ, ಬಾಕಿ ಉಗುರು ಎಲ್ಲಾ ಹೊರಗ, ಈ ಎಡಗಡಿ ಹಿಂದಿನ ಗಾಲಿ ನಿನ್ನೆ ಯಾಕ ನೋಡಲಿಲ್ಲ ನಾನು, ನೋಡಿದ್ದೇನು, ಬಣ್ಣ ನೋಡಿದೆ, ಬಿಸಲಿಗೆ ಹಸರು ಹೊಳಿತಿತ್ತು, ಥೂ ನಿನ್ನ — ಸ್ಟೆಪ್ನಿ ಹಾಕ್ಕೊಂಡ್ರಾತು ಅಂತ ಹಿಂದ ಹೋದ, ಅಲ್ಲಿ ಸ್ಟೆಪ್ನಿ ಇಡೋ ಜಾಗದಾಗ ಬರೇ ಕಬ್ಬಿಣದ ಬಳಿ, ಮಾರಿದಾಂವ ಆಮ್ಯಾಲ ಕಳಸತೀನಿ ಅಂದಿದ್ದ, ಯಾವಾಗ ಆಮ್ಯಾಲ, ಇನ್ನ ಅರ್ಧ ತಾಸಿಗೆ ಹೊಂಡಬೇಕು. ಮಾವ ಮೂರು ಗಾಲಿ ಮುಟ್ಟಿ ಬಿಡ್ತಾನೇನು, ಬಿಡಂಗಿಲ್ಲ, ನಾಕನೇದೇ ಮೊದಲು ಮುಟ್ಟತಾನ, ಮುಟ್ಟಿ ಏನೂ ಅನ್ನದ ಒಳಗ ಹೋಗತಾನ, ಅದಕ್ಕಿಂತ ಬಿಜಲೀನ ಕಟಗೊಂಡು ಹೋಗೋದೇ ಛಲೋ ಇತ್ತು — ಬಿಜಲಿ, ತಡಿ, ಬಿಜಲಿ ಗೊರಸು, ಹೆರಿಯೋ ಚೂರಿ, ಗ್ವಾಡಿ ಗೂಟಕ್ಕ ಇನ್ನಾ ಹಂಗೇ ಅದ, ಹೊನ್ನೂರಪ್ಪಗ ಎಲ್ಲಾ ಕೊಟ್ಟು ಅದೊಂದು ಕೊಟ್ಟಿರಲಿಲ್ಲ, ಲಾಳ ಕಟ್ಟೋಕಿಂತ ಮುಂಚೆ ಗೊರಸು ಹೆರೀಬೇಕಲ್ಲ, ಬೆಳದು ಮುಚ್ಚಿಕೊಂಡದ್ದನ್ನ ತೆಳ್ಳಗ ಹೆರಕೋತ ಹೋದ್ರ ನಡುವಿನ ಸೀಳು ಬಾಯಿ ತೆರೀತದ, ಆಳ ಆಗತದ, ಕುದರಿ ಹಗೂರಾಗಿ ಹೆಜ್ಜಿ ಹಾಕತದ, ಲಾಳ ಹೊಡಿಯೋ ದಸ್ತಗೀರ್‌ಸಾಬನೇ ಅಂತಿದ್ದ, ನಿನ್ನ ಕೈಯಾಗ ಚೂರಿ ಕೊಟ್ಟು ನಾ ಮನ್ಯಾಗ ಮಲಗಬಹುದು ನೋಡಪಾ ಅಂತ, ಗೊರಸೂ ಸವೀತದ, ಟೈರೂ ಸವೀತದ, ಅದನ್ನ ಹೆರದ್ರ ಆಳ ಆಗೋದಾದ್ರ ಇದ್ಯಾಕ ಆಗಬಾರದು, ಎಂಥಾ ತಲಿ ಅದ ಮಲೀಕಸಾಬ ನಿಂದು — ಓಡಿಹೋಗಿ ಚೂರಿ ತಂದ, ಕಲ್ಲಿಗೆ ನಾಕು ಸಲ ಮಸದ, ಎಡಗೈಲೆ ಟೈರು ಒತ್ತಿ ಹಿಡದು ಗೆರಿಗುಂಟ ಎಳದ, ಬಂತು, ಕರಿ ಸಿಪ್ಪಿ ಸುರುಳಿ ಸುತ್ತಿ ಕೆಳಗ ಬಿತ್ತು, ಗೊರಸಿಗಿಂತ ಮೆತ್ತಗ ಬರತದ ಇದು, ಹೋ ಬಿಜಲಿ ಹೋ, ಅಂತ ಬಾಯಿಲೆ ಬಂತು, ಕಾಲು ಝಾಡಿಸೋ ಕುದರಿ ಇಲ್ಲ ಇಲ್ಲಿ, ಎಷ್ಟು ಸಲೀಸು, ಒಂದು ಗೆರಿ, ಎರಡನೇ ಗೆರಿ, ಮೋಟಾರಿಗೆ ಹೆಗಲು ಕೊಟ್ಟು ಒಂದು ಮಾರು ಮುಂದ ದಬ್ಬಿ ಮತ್ತ ಕುಂತ, ಬೆವರು ಮೂಗಿನ ತುದಿಗೆ ಬಂದು ನಿಂತದ, ಉಗುರು ಇಟ್ಟ, ಅರ್ಧ ಮುಳುಗಿತು, ಅಲ್ಲಾ, ಅರ್ಧ, ಇನ್ನೊಂದು ಸಲ ಎಳದ, ಮುಕ್ಕಾಲು, ಬಲಗಡಿದರ ಸಮ ಆತು, ಸಾಕು — ಸಾಕಾಗಿತ್ತು, ಅಲ್ಲಿಗೇ ಬಿಡಬೇಕಿತ್ತು, ಆದ್ರ ಮಾವನ ಉಗುರು ದಪ್ಪ, ಅದು ಪೂರಾ ಮುಳುಗಲಿ ಒಂದು ಸಲ, ಅನ್ನಿಸಿ ಕೈ ತಾನೇ ಹೋತು, ಹಗೂರಕ್ಕ, ಬರೇ ಒಂದು ಎಳತ.

ಗೆರಿ ತಳದಾಗ ಬಿಳಿ ನೂಲು. ಏನೋ ಹತ್ತಿರಬೇಕು ಅಂತ ಉಗುರಿಲೆ ಎತ್ತಾಕ ನೋಡಿದ, ಬರವಲ್ದು, ಅದು ಹೊರಗಿಂದು ಅಲ್ಲ, ಒಳಗಿಂದು, ರಬ್ಬರಿನ ಕೆಳಗ ಒತ್ತೊತ್ತಾಗಿ ನೇದಿದ್ದ ಅರಿವಿ, ಅದರದೊಂದು ಎಳಿ ಚೂರಿಗೆ ತುಂಡಾಗಿ ಎದ್ದು ನಿಂತದ, ಅದರ ಬಾಜೂಕ ಇನ್ನೊಂದು, ಬೆಳ್ಳಗ, ಎಲುಬು ಕಂಡಂಗ, ಗೊರಸಿನಾಗ ಹಿಂಗ ಆಗತಿರಲಿಲ್ಲ, ಒಂದೊಂದು ಸಲ ಜಾಸ್ತಿ ಹೆರದ್ರ ಬಿಜಲಿ ಎರಡು ದಿನ ಕುಂಟತಿತ್ತು ಅಷ್ಟೇ, ಗೊರಸು ಮತ್ತ ಬೆಳೀತಿತ್ತು, ಹೌದು, ಗೊರಸು ಬೆಳೀತದ, ಇದು ಬೆಳ್ಯಂಗಿಲ್ಲ. ಇಷ್ಟು ಸಣ್ಣ ಮಾತು ತನಗ ಹೊಳೀಲಿಲ್ಲ ಅನ್ನೋದು ಮಲೀಕಸಾಬಗ ನಂಬಾಕ ಆಗವಲ್ದು, ಆದ್ರೂ ಎದಿ ಹಾರೋದು ನಿಂತಿಲ್ಲ, ಇನ್ನಾ ಹೊಂಟೀವಿ ಅಂತನೇ ಹಾರಾಕತ್ತದ, ಮಸಿ ಹಚ್ಚಿದ್ರ ಕಾಣಂಗಿಲ್ಲ, ಒಲಿ ಮಸಿ ಎಣ್ಣ್ಯಾಗ ಕಲಸಿ ಹಚ್ಚಿದ್ರ — ಮಾವಗ ಕಾಣಂಗೂ ಇಲ್ಲ, ಮೂವತ್ತೈದು ಮೈಲಿ, ಮಸ್ಕಿ ದಾಟಿದ್ರ ಸಾಕು, ಟೈರು ಒಡೀದಂಗ ನೂಲು ತಡಕೊಂಡ್ರ ಸಾಕು, ನೂಲು ಏನು ಕಮ್ಮಿ ಗಟ್ಟಿ ಇರತದೇನು — ಬಾಗಲ ಸಪ್ಪಳ ಆತು. ಮಾಸುಂಬಿ. ಹೆಬ್ಬೆರಳು ಗಬಕ್ಕನ ನೂಲಿನ ಮ್ಯಾಲ ಕುಂತಿತು.

ಚಾದರ ಹೊದ್ದಾಳ, ಕೈಯಾಗ ಗಂಟು, ಕಣ್ಣಿಗೆ ಸುರುಮಾ ಹಚ್ಚಿಕೊಂಡಾಳ, ಹಚ್ಚಿಕೊಂಡು ಎಷ್ಟು ದಿನ ಆಗಿತ್ತು, ಹೊಂಡೋಣೇನ್ರಿ ಅಂದಳು, ಹೊಂಡೋಣ ಅಂದ, ಏಳಲಿಲ್ಲ. ಆಕಿ ಬಣ್ಣ ನೋಡಲಿಲ್ಲ, ಸೀಟು ನೋಡಲಿಲ್ಲ, ಗಂಟು ಕೆಳಗಿಟ್ಟು ಮುಂದಿನ ಗಾಲಿ ಹತ್ರ ಕುಂತು ತನ್ನ ಸಣ್ಣ ಹೆಬ್ಬೆರಳ ಉಗುರು ಗೆರಿಗೆ ಹಾಕಿದಳು, ಯಾರು ಕಲಿಸಿದ್ರು ಈಕಿಗೆ ಅಂತ ಇವ ನೋಡಾಕತ್ತಾನ, ಯಾರು ಕಲಿಸಬೇಕು, ಇಸ್ಮಾಯಿಲ್‌ಸಾಬನ ಮಗಳು ಆಕಿ, ಆರು ವರ್ಷ ಒಂದೇ ಮನ್ಯಾಗ ಇದ್ದು ಒಂದು ದಿನ ಕೇಳಲಿಲ್ಲ ನಾನು, ಎದ್ದಳು, ಎರಡನೇದು, ಮೂರನೇದು, ಇವನ ಎದುರು ಬಂದು ನಿಂತಳು. ಇದು ಬ್ಯಾಡ, ನೋಡೀನಿ, ಛಲೋ ಅದ, ಅಂದ. ಆಕಿ ಕೆಳಗ ಬಿದ್ದಿದ್ದ ಕರಿ ಸಿಪ್ಪಿ ನೋಡಿದಳು, ಚೂರಿ ನೋಡಿದಳು, ಬಗ್ಗಿ ಇವನ ಮುಂಗೈ ಹಿಡದು ಬಾಜೂಕ ಸರಿಸಿದಳು, ಸಿಟ್ಟಿಲ್ಲ, ಮಗು ಕೈಯಾಗಿನ ಸಾಮಾನು ಇಸಗೊಂಡಂಗ, ನೂಲು ನೋಡಿದಳು, ಬಾಳ ಹೊತ್ತು ನೋಡಲಿಲ್ಲ. ಎಂಟು ದಿನ ತಡಿ ಮಾಸುಂಬಿ, ಬರೇ ಎಂಟೇ ದಿನ, ಹೊಸ ಟೈರು ಹಾಕಿಸಿ ರಾಣಿ ಹಂಗ ಕರಕೊಂಡು ಹೋಗತೀನಿ, ಅಂತ ಇವ ಅನ್ನಾಕತ್ತಿದ್ದ, ಇನ್ನಾ ಅನ್ನಾವಿದ್ದ, ಆಕಿ ಚಾದರ ಸರಿ ಮಾಡಿಕೊಂಡು ಅಂದಳು, ಕಸಮ್ ಹಾಕಿದವರು ನೀವು, ಆರು ವರ್ಷ ನಾ ಒಂದು ಮಾತು ಆಡಿಲ್ಲ. ನಮ್ಮ ಅಬ್ಬಾ ಕಾಗದ ಬರಸಿದ್ದು ನನ್ನ ಮುಖ ನೋಡಬೇಕು ಅಂತ, ನಿಮ್ಮ ಗಾಲಿ ನೋಡಬೇಕು ಅಂತ ಅಲ್ಲ. ಎಂಟು ದಿನಕ್ಕ ಆ ಕಣ್ಣು ಇರತದೋ ಇಲ್ಲೋ. ನಾ ಬಸ್ಸಿಗೆ ಹೊಂಟೀನಿ, ಬರೋದಾದ್ರ ಬರ್ರಿ.

ಗಂಟು ಎತ್ತಿಕೊಂಡಳು, ನಡದೇಬಿಟ್ಟಳು, ಬಸ್ ಸ್ಟ್ಯಾಂಡಿನ ಕಡಿಯಿಂದ ಸಿಂಧನೂರು ಬಸ್ಸಿನ ಹಾರನ್ ಕೇಳಾಕತ್ತದ, ಏಳು ಮಲೀಕಸಾಬ, ಏಳೋ, ಓಡಿದ್ರ ಸಿಗತದ, ಇಬ್ಬರೂ ಬಸ್ಸಿನಾಗ ಕುಂತು ಹೋದ್ರ ಏನಾಗತದ, ಮಂದಿ ನಗತಾರ, ನಗಲಿ, ಮಾವ ಹತ್ರ ಬಂದು ಬಿಳಿ ಕಣ್ಣಿಲೆ ಆಕಿ ಮುಖ ನೋಡತಾನ, ಎರಡೂ ಕೈಲೆ ಗಲ್ಲ ಹಿಡದು ನೋಡತಾನ, ಅದನ್ನೇ ಅಲ್ಲೇನು ಅಂವ ಕಾಗದದಾಗ ಕೇಳಿದ್ದು, ಏಳು, ಕಾಲು ಏಳವಲ್ದು, ಹೆಬ್ಬೆರಳು ಯಾವಾಗ ಮತ್ತ ಅಲ್ಲೇ ಹೋಗಿ ಕುಂತದೋ, ಮೂಲಿ ಮನಿ ಹತ್ರ ಆಕಿ ನಿಂತಳು, ತಿರುಗಿ ನೋಡಾಕತ್ತಾಳ, ಕಾಯಾಕತ್ತಾಳ, ಬಸ್ಸು ಮತ್ತ ಹಾರನ್ ಹೊಡೀತು, ಬರತೀನಿ ಅನ್ನು, ಬಾಯಿ ಬಿಡು, ಬೆರಳು ತೆಗಿ, ತೆಗದ್ರ ಕಾಣತದ, ಕಂಡ್ರ ಕಾಣಲಿ, ತೆಗಿ — ಬೆರಳಿನ ಬುಡಕ ಚುಚ್ಚತದ, ತುಂಡಾದ ನೂಲು, ಬಿಳಿ ನೂಲು, ತೆಗಿ, ಆಕಿ ಇನ್ನಾ ನಿಂತಾಳ, ಬಿಳಿ ನೂಲು, ಗೆರಿ ತಳದಾಗ ಬಿಳಿ ನೂಲು