ತುಳಿಯಲು ಬೆನ್ನೇನು ಮೆಟ್ಟಿಲೇ?

ಅಬ್ದುಲ್ ಸಮದ್ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಮನೆಗೆ ಬಂದದ್ದು ಆ ವಾರದಲ್ಲಿ ಎರಡನೇ ಸಲ. ಹೆಂಡತಿ ಖೈರುನ್ನೀಸಾಳಿಗೆ ಮೈಯೆಲ್ಲ ಉರಿದುಹೋಯಿತು.

"ಇನ್ನೊಂದು ಎಲ್ಲೈತ್ರಿ?"

"ಎಲ್ಲೋ ಬಿತ್ತು."

"ಎಲ್ಲೋ ಬಿತ್ತು!" ಅವಳು ಗಂಡನ ಗೊಗ್ಗರು ದನಿಯನ್ನೇ ತೆಗೆದು ಅಣಕಿಸಿದಳು. "ಕಾಲಾಗಿನ ಚಪ್ಪಲಿ ಬಿದ್ದದ್ದು ಗೊತ್ತಾಗಲ್ಲಂದ್ರ ಆ ಕಾಲು ನಿಮ್ದೋ, ಬಾಡಿಗಿಗಿ ತಂದೀರೋ?"

ಸಮದ್ ನಗಲಿಲ್ಲ. ಗೋಡೆ ಹಿಡಿದು ಮೆಲ್ಲಗೆ ಕೂತ. "ಖರೇನ ಗೊತ್ತಾಗಲಿಲ್ಲ ಖೈರೂ. ಸೊಂಟದಿಂದ ಪಾದದ ತನಕ ಕರೆಂಟ್ ಹೊಡದಂಗ ಆಗತೈತಿ. ಪಾದ ಜೋಮು ಹಿಡದೈತಿ."

ಸಮದ್ ಸಿರುಗುಪ್ಪದ ಅಕ್ಕಿ ಗಿರಣಿಯೊಂದರಲ್ಲಿ ಹಮಾಲ. ಇಪ್ಪತ್ತು ವರ್ಷ ಭತ್ತದ ಚೀಲ ಹೊತ್ತ ಬೆನ್ನು ಅವನದು. ಅಲ್ಲಿನ ಹಮಾಲರಲ್ಲಿ ಒಂದು ರೂಢಿಯಿತ್ತು. ಯಾರ ಸೊಂಟ ಹಿಡಿದರೂ ತಮ್ಮಲ್ಲೇ ಒಬ್ಬನಾದ ಮಾರೆಣ್ಣನನ್ನು ಕರೆಯುವುದು. ಹುಟ್ಟುವಾಗ ಅವನ ತಲೆಯ ಬದಲು ಕಾಲು ಮೊದಲು ಬಂದಿತ್ತಂತೆ. ಅಂಥವರ ಕಾಲಿಗೆ ಉಳುಕು ಬಿಡಿಸುವ ಗುಣವಿದೆಯೆಂದು ಎಲ್ಲರ ನಂಬಿಕೆ. ನೋವಿದ್ದವನು ಖಾಲಿ ಚೀಲದ ಮೇಲೆ ಬೋರಲು ಮಲಗುವುದು, ಮಾರೆಣ್ಣ ತುಳಿಯುವುದು. ಈಚೆಗೆ ಅವನು ಮೊಬೈಲ್ ವಿಡಿಯೊ ನೋಡಿ, ಸೊಂಟ ತಿರುವಿ 'ಟಕ್' ಅನ್ನಿಸುವುದನ್ನೂ ಕಲಿತಿದ್ದ. "ಇದಕ್ಕ ಕೈರೋಪ್ರಾಕ್ಟಿಕ್ ಅಂತಾರ" ಎಂದು ಹೆಸರನ್ನೂ ಬಾಯಿಪಾಠ ಮಾಡಿದ್ದ. ಆ ತಿಂಗಳು ಸಮದನ ಬೆನ್ನನ್ನು ಮೂರು ಸಲ ತುಳಿದಾಗಿತ್ತು.

ಮರುದಿನ ಬೆಳಿಗ್ಗೆ ಮಾರೆಣ್ಣ ಮನೆಗೇ ಬಂದ.

"ಮಲಕ್ಕೊ ಸಮದಣ್ಣ. ತುಳದು, ತಿರುವಿ, ಇವತ್ತ ಮುಗಿಸಿಬಿಡ್ತೀನಿ."

"ಮುಗಿಸೇಬಿಡ್ತೀಯಪ್ಪ ನೀನು!" ಖೈರುನ್ನೀಸಾ ಅಡ್ಡ ನಿಂತಳು. "ಕುರುಗೋಡಿನ್ಯಾಗ ನಮ್ಮಣ್ಣ ಮುಜಾಫರ್ ಹಿಂಗ ತುಳಿಸ್ಕೊಂಡು ಕುಂತ. ಇವತ್ತಿಗೂ ಕೋಲು ಹಿಡದ ನಡೀತಾನ. ಇವರನ್ನ ಮುಟ್ಟಿದ್ರ ನೋಡು!"

"ಅತ್ತಾಗ ಸರಿ ಖೈರೂ. ಒಂದ ನಿಮಿಷದ ಕೆಲಸ" ಎಂದು ಸಮದ್ ಗದರಿಸಿದ.

ಗಲಾಟೆ ಕೇಳಿ, ಓಣಿಯಲ್ಲಿ ಹೊರಟಿದ್ದ ಆಶಾ ಕಾರ್ಯಕರ್ತೆ ಸುಂಕಮ್ಮ ಒಳಗೆ ಬಂದಳು. ವಿಷಯ ಕೇಳಿದವಳೇ, "ಸಮದಣ್ಣ, ಗೋಡಿ ಹಿಡದು ನಿಂತು ಎರಡೂ ಪಾದದ ಮುಂಭಾಗ ಮ್ಯಾಲೆತ್ರಿ" ಎಂದಳು.

ಎಡಪಾದ ಎದ್ದಿತು. ಬಲಪಾದ ನೆಲ ಬಿಟ್ಟು ಏಳಲಿಲ್ಲ. ಸಮದ್ ಹಲ್ಲು ಕಚ್ಚಿದ, ಬೆವರಿದ. ಪಾದ ಏಳಲೇ ಇಲ್ಲ.

ಸುಂಕಮ್ಮ ಅವನನ್ನು ಕೂರಿಸಿ ಕೇಳಿದಳು:

"ತೊಡಿ ನಡುವ ಜೋಮು ಐತೇನು? ಒಂದಕ್ಕ, ಎರಡಕ್ಕ ಹತೋಟಿ ತಪ್ಪೈತೇನು?"

"ಇಲ್ಲವ್ವ."

"ತಪ್ಪಿದ್ರ ಈಗಿಂದೀಗ ಆಂಬುಲೆನ್ಸ್ ಕರೀತಿದ್ದೆ. ಪಾದ ಏಳವಲ್ದು ಅನ್ನೋದೂ ಸಣ್ಣ ಮಾತಲ್ಲ. ಬೆನ್ನೆಲುಬಿನ ನಡುವ ಮೆತ್ತನ ಗಾದಿ ಇರ್ತಾವು. ಅದು ಜರುಗಿ ನರ ಒತ್ತಿದ್ರ ಹಿಂಗಾಗತೈತಿ. ಅದರ ಮ್ಯಾಲ ತುಳದ್ರ ಏನಾದೀತು? ಇವತ್ತ ಬಳ್ಳಾರಿಗಿ ಹೋಗ್ರಿ."

ಮಾರೆಣ್ಣನಿಗೆ ಸಿಟ್ಟು ಬಂತು. "ನನ್ನ ಕಾಲಿಂದ ಎಷ್ಟ ಮಂದಿ ಎದ್ದು ನಡದಾರ, ಗೊತ್ತೇನು?"

"ಅವರದು ಸಾದಾ ಉಳುಕು ಮಾರೆಣ್ಣ. ನಾಕು ದಿನಕ್ಕ ತಾನ ಹೋಗತಿತ್ತು. ಹೋದದ್ದು ಉಳುಕು, ಬಂದದ್ದು ನಿನಗ ಹೆಸರು!"

ಏಳದ ಪಾದ ನೋಡಿ ಹೆದರಿದ ಸಮದ್ ಬಳ್ಳಾರಿಗೆ ಒಪ್ಪಿದ. ಅವನನ್ನು ಹಿಡಿದು ನಡೆಸಲು ಮಾರೆಣ್ಣ ಮುಖ ಗಂಟು ಹಾಕಿಕೊಂಡೇ ಬಸ್ ಹತ್ತಿದ. ಸಮದನ ಒಂದು ತೋಳು ಅವನ ಹೆಗಲ ಮೇಲೆ, ಇನ್ನೊಂದು ಖೈರುನ್ನೀಸಾಳ ಹೆಗಲ ಮೇಲೆ.

ಆಸ್ಪತ್ರೆಯಲ್ಲಿ ಸ್ಕ್ಯಾನ್ ಆಯಿತು. ಸುಂಕಮ್ಮ ಹೇಳಿದ್ದೇ ಸರಿ. ಸೊಂಟದಲ್ಲಿ ನರ ಒತ್ತಿಕೊಂಡಿತ್ತು.

"ಮೊಬೈಲ್‌ನ್ಯಾಗ ಟಕ್ ಅನ್ನಿಸಿ ವಾಸಿ ಮಾಡ್ತಾರಲ್ರಿ ಮೇಡಂ?" ಮಾರೆಣ್ಣನೇ ಕೇಳಿದ.

ಡಾಕ್ಟರ್ ಪೆನ್ನು ಕೆಳಗಿಟ್ಟರು. "ಅದಕ್ಕೆ ವರ್ಷಗಟ್ಟಲೆ ಓದಬೇಕು. ಓದಿದವರು ಮಾಡಿದ್ರೆ ಕೆಲವರ ಸೊಂಟನೋವು ಕಡಿಮೆ ಆಗೋದೂ ಉಂಟು. ಆದ್ರೆ ಅವರು ಮೊದಲು ಪರೀಕ್ಷೆ ಮಾಡ್ತಾರೆ. ಹಿಂಗೆ ಶಕ್ತಿ ಹೋಗ್ತಿರೋ ಕಾಲು ಕಂಡ್ರೆ ತಿರುವೋದಿಲ್ಲ, ನಮ್ಮ ಹತ್ರ ಕಳಿಸ್ತಾರೆ. ಟಕ್ ಅಂದ್ರೆ ನರ ಬಿಟ್ಟಿತು ಅಂತ ಅರ್ಥ ಅಲ್ಲ. ಜೋಮು ಶುರುವಾದಾಗಲೇ ಯಾಕೆ ಬರಲಿಲ್ಲ?"

ಖೈರುನ್ನೀಸಾ ಮಾರೆಣ್ಣನನ್ನು ನೋಡಿದ ನೋಟಕ್ಕೆ ಅವನು ಕಿಟಕಿಯ ಕಡೆ ತಿರುಗಿದ.

ಔಷಧ, ಫಿಸಿಯೋಥೆರಪಿ, ಮತ್ತೆ ಮತ್ತೆ ಪರೀಕ್ಷೆ. ಆಪರೇಷನ್ ಬೇಕಾಗಬಹುದೆಂಬ ಹೆದರಿಕೆಯಲ್ಲೇ ಮೂರು ತಿಂಗಳು ಕಳೆದವು. ಪಾದ ಮೇಲೆದ್ದಿತು. ಹೆಬ್ಬೆರಳು ಮಾತ್ರ ಇನ್ನೂ ಪೂರ್ತಿ ಎದ್ದಿಲ್ಲ. ಈಗ ಸಮದ್ ಚೀಲ ಹೊರುವುದಿಲ್ಲ. ಅದೇ ಗಿರಣಿಯಲ್ಲಿ ಚೀಲದ ಬಾಯಿ ಹೊಲಿಯುತ್ತಾನೆ. ಮೊನ್ನೆ ಇನ್ನೊಬ್ಬ ಹಮಾಲ ಸೊಂಟ ಹಿಡಿದುಕೊಂಡು ಬೋರಲು ಮಲಗಿದಾಗ ಮಾರೆಣ್ಣ, "ಏಳಲೇ! ನನ್ನ ಕಾಲು ನಡಿಯಾಕ ಹುಟ್ಟೈತಿ, ತುಳಿಯಾಕಲ್ಲ" ಎಂದು ಗದರಿಸಿ ಅವನನ್ನು ಆಸ್ಪತ್ರೆಗೆ ಕರೆದೊಯ್ದನಂತೆ.

"ಇನ್ನೂ ಸಿಟ್ಟು ಇಳಿದಿಲ್ಲೇನು?" ಎಂದು ಸಮದ್ ಹೆಂಡತಿಯನ್ನು ಕೇಳಿದ.

"ಆ ಬೆರಳು ಏಳೋತನಕ ಇಳಿಯಾಂಗಿಲ್ಲ."

ಓದುತ್ತಿರುವವರೇ, ನಿಮಗೂ ಸ್ವಲ್ಪ ಸಿಟ್ಟು ಬರಲಿ. ಸೊಂಟದಿಂದ ಕಾಲಿಗೋ, ಕುತ್ತಿಗೆಯಿಂದ ಕೈಗೋ ನೋವು ಹರಿದು ಜೋಮು ಹಿಡಿದರೆ, ಕೈಕಾಲಿನ ಶಕ್ತಿ ಕುಂದಿದರೆ, ತುಳಿಸಿಕೊಳ್ಳಬೇಡಿ, ತಿರುವಿಸಿಕೊಳ್ಳಬೇಡಿ, ಡಾಕ್ಟರಿಗೆ ತೋರಿಸಿ. ತೊಡೆಯ ನಡುವೆ ಸ್ಪರ್ಶ ತಿಳಿಯದಿದ್ದರೆ, ಮೂತ್ರ ಕಟ್ಟಿದರೆ, ಮಲ-ಮೂತ್ರದ ಹತೋಟಿ ತಪ್ಪಿದರೆ ಒಂದು ಗಂಟೆಯೂ ಕಾಯಬೇಡಿ. ಬೆನ್ನಿಗೆ ಕೈ ಹಾಕಲು ಬಂದವರನ್ನು "ಎಲ್ಲಿ ಕಲಿತಿರಿ? ಪರೀಕ್ಷೆ ಮಾಡಿದಿರಾ?" ಎಂದು ಮುಲಾಜಿಲ್ಲದೆ ಕೇಳಿ. ಅವರು ಮುನಿಸಿಕೊಂಡರೆ ಮುನಿಸಿಕೊಳ್ಳಲಿ. ನಾಳೆ ಎದ್ದು ನಡೆಯಬೇಕಾದವರು ನೀವು.